'ಗ'ದಿಂದ ಶುರುವಾಗುವ ಜಪಾನಿ ಹಾಡುಗಳು ಸರ್ಚಿನಲ್ಲಿ ಬರುತ್ತಿಲ್ಲ. ತಲೆ ಕೆಟ್ಟುಹೋಗಿದೆ

ನಾಗೊಯಾ_ನಂಜ
ಎರಡು ರಾತ್ರಿ ಹಾಳಾಯಿತು. ಮನೆಯ ಸರ್ವರಿನಲ್ಲಿ ನಾಲ್ಕು ಸಾವಿರದಷ್ಟು ಜಪಾನಿ ಹಾಡುಗಳಿವೆ. ಸರ್ಚಿನಲ್ಲಿ 'ಗ' ಅಂತ ಹಾಕಿದರೆ ಒಂದೇ ಒಂದು ಬರುತ್ತದೆ, 1995ರ 'ಗಟ್ಸು ದಜೆ'. ಗೊಡೈಗೊ ಬ್ಯಾಂಡಿನ 'ಗಂದಾರ' ಎಲ್ಲಿ? ಸ್ಮ್ಯಾಪ್‌ನ 'ಗಂಬರಿಮಾಶೋ' ಎಲ್ಲಿ? ಇದನ್ನು ಬರೆಯುವಾಗ 'ಗಂದಾರ' ಕಿವಿಯಲ್ಲಿ ಓಡುತ್ತಿದೆ, ಅಂದರೆ ಫೈಲ್ ಇದೆ. ಕ, ಸ, ತ ಎಲ್ಲ ಸರಿಯಾಗಿವೆ. ಇಂಡೆಕ್ಸ್ ಮೂರು ಸಲ ಹೊಸದಾಗಿ ಮಾಡಿಸಿದೆ. ಶನಿವಾರದೊಳಗೆ ಸರಿಯಾಗಬೇಕು. ದಯವಿಟ್ಟು ಯಾರಾದರೂ ಹೇಳಿ.

ಎಂಡಿ_ಮಾವ
ಇದು ಶಿಫ್ಟ್-ಜಿಸ್ ತಮ್ಮಾ, ಜಪಾನಿ ಅಕ್ಷರಗಳನ್ನು ಬೈಟ್ ಮಾಡಿ ಇಡುವ ಹಳೆಯ ಪದ್ಧತಿ, ಬೇರೇನೂ ಅಲ್ಲ. ಹಳೆಯ ಜಪಾನಿ ವಿಂಡೋಸಿನಲ್ಲಿ ಎಂಪಿ3 ಮಾಡಿದರೆ ಟ್ಯಾಗ್, ಅಂದರೆ ಫೈಲಿನೊಳಗೆ ಬರೆದ ಹಾಡಿನ ಹೆಸರು-ವಿವರ, ಶಿಫ್ಟ್-ಜಿಸ್‌ನಲ್ಲಿ ಕೂರುತ್ತಿತ್ತು. ಪ್ಲೇಯರ್ ಅದನ್ನು ಲ್ಯಾಟಿನ್ ಅಂದುಕೊಂಡು ಓದುತ್ತದೆ. ಜಪಾನಿನವರು ಇದಕ್ಕೆ 'ಮೊಜಿಬಾಕೆ' ಅನ್ನುತ್ತಾರೆ, ಅಕ್ಷರ ವೇಷ ಬದಲಿಸುವುದು. ಟ್ಯಾಗನ್ನು ಈಗಿನ ಪದ್ಧತಿ ಯುಟಿಎಫ್-8ಕ್ಕೆ ಬದಲಿಸು, ಮುಗಿಯಿತು.

ನಾಗೊಯಾ_ನಂಜ
ಅಕ್ಷರ ಚೆನ್ನಾಗಿಯೇ ಕಾಣುತ್ತಿದೆ ಮಾವ. ಮೊಜಿಬಾಕೆ ಆಗಿದ್ದರೆ ಕಸ ಕಾಣಬೇಕಿತ್ತಲ್ವಾ?

ಎಂಡಿ_ಮಾವ
ಕಾಣುವುದೆಲ್ಲ ನಿಜ ಅಲ್ಲ. ಶಿಫ್ಟ್-ಜಿಸ್‌ನಲ್ಲಿ ಕತಕಾನದ (ಜಪಾನಿನ ಎರಡು ಉಚ್ಚಾರ ಲಿಪಿಗಳಲ್ಲಿ ಒಂದು) 'ಸೊ' ಇದೆಯಲ್ಲ, ಅದರ ಎರಡನೇ ಬೈಟ್ ಅಂದರೆ ಬ್ಯಾಕ್‌ಸ್ಲ್ಯಾಷ್. ವಿಂಡೋಸಿನಲ್ಲಿ ಫೋಲ್ಡರ್ ಹೆಸರುಗಳನ್ನು ಬೇರ್ಪಡಿಸುವ ಗುರುತು ಅದು. ಅದೊಂದರಿಂದ ಎಷ್ಟು ಫೋಲ್ಡರ್ ಕಳೆದುಕೊಂಡಿದ್ದೇನೆ ಗೊತ್ತಾ? ಟ್ಯಾಗನ್ನು ಹೆಕ್ಸಿನಲ್ಲಿ, ಅಂದರೆ ಬೈಟ್ ಬೈಟಾಗಿ, ತೆರೆದು ನೋಡು.

ಪುತ್ತೂರು_ಪೈಥಾನ್
ಮಾವ, 'ಸೊ'ಗೂ 'ಗ'ಗೂ ಏನು ಸಂಬಂಧ? ನಂಜ ಅವರೇ, ಇದು ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳ, ಸಮಸ್ಯೆ. 1997ರ 'ಗರಸು ನೊ ಶೋನೆನ್' ತೆಗೆದುಕೊಳ್ಳಿ. 'ಗರಸು' ಅಂದರೆ ಗಾಜು, ಅದನ್ನು ಅಲ್ಲಿ ಕಾಂಜಿಯಲ್ಲಿ ಬರೆದಿದ್ದಾರೆ. 1987ರ 'ಗರಸು ನೊ ಜೂದಾಯ್'ಯಲ್ಲಿ ಅದೇ ಪದ ಕತಕಾನದಲ್ಲಿದೆ. ಕಾಂಜಿ ನೋಡಿ ಅದರ ಉಚ್ಚಾರ 'ಗ' ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅಕ್ಷರದ ನಂಬರ್ ನೋಡಿ ಜೋಡಿಸಿದರೆ ಮೊದಲು ಹಿರಗಾನ (ಇನ್ನೊಂದು ಉಚ್ಚಾರ ಲಿಪಿ), ಆಮೇಲೆ ಕತಕಾನ, ಕೊನೆಗೆ ಕಾಂಜಿ.

ನಾಗೊಯಾ_ನಂಜ
'ಗಂದಾರ' ಕತಕಾನ. 'ಗಂಬರಿಮಾಶೋ' ಹಿರಗಾನ. ಕಾಂಜಿ ಮಾತೇ ಬೇಡ ಈಗ.

ಹಳಗನ್ನಡ_ಹುಚ್ಚಿ
ನಡುವೆ ಬಾಯಿ ಹಾಕುತ್ತಿದ್ದೇನೆ. ಜಪಾನಿ ವರ್ಣಮಾಲೆಯಲ್ಲಿ 'ಗ'ಕ್ಕೆ ನಮ್ಮ ಹಾಗೆ ಬೇರೆ ಜಾಗ ಇಲ್ಲ. 'ಕ'ಕ್ಕೆ ಎರಡು ಪುಟ್ಟ ಗೀಟು ಹಾಕಿದರೆ 'ಗ'. ಆ ಗೀಟಿಗೆ ದಕುತೆನ್ ಅನ್ನುತ್ತಾರೆ. ನಿಘಂಟಿನಲ್ಲಿ ಮೊದಲು ಗೀಟನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಕರೋಕೆಯ ದಪ್ಪ ಹಾಡಿನ ಪುಸ್ತಕದಲ್ಲೂ 'ಗಂದಾರ'ವನ್ನು 'ಕ'ದ ಪುಟದಲ್ಲೇ ಹುಡುಕಬೇಕು, 1973ರ 'ಕಂದಗಾವಾ' ಹಾಡಿನ ಆಸುಪಾಸಿನಲ್ಲಿ. ಇನ್ನೊಂದು ಮಜಾ: ಅ-ಇ-ಉ-ಎ-ಒ, ಕ-ಸ-ತ-ನ-ಹ-ಮ-ಯ-ರ-ವ ಅನ್ನುವ ಆ ಸಾಲು ಬಂದಿದ್ದೇ ಬೌದ್ಧ ಭಿಕ್ಷುಗಳ ಸಂಸ್ಕೃತ ಓದಿನಿಂದ.

ಪುತ್ತೂರು_ಪೈಥಾನ್
ಎಲ್ಲದಕ್ಕೂ ಸಂಸ್ಕೃತ ತಂದು ಅಂಟಿಸಬೇಡಿ ಮೇಡಂ. ಜಪಾನಿನಲ್ಲಿ ಹಳೆಯ ಕ್ರಮ 'ಇರೋಹ'. ಅದು ಒಂದು ಪದ್ಯ, ಒಂದೊಂದು ಅಕ್ಷರವೂ ಒಂದೊಂದೇ ಸಲ ಬರುತ್ತದೆ. ಮತ್ತೆ ಸಂಸ್ಕೃತದ ಸಾಲಾಗಿದ್ದರೆ 'ನ' ಆದಮೇಲೆ 'ಪ' ಬರಬೇಕಿತ್ತು, 'ಹ' ಹೇಗೆ ಬಂತು?

ಹಳಗನ್ನಡ_ಹುಚ್ಚಿ
ಆ 'ಹ' ಮೊದಲು 'ಪ'ವೇ ಆಗಿತ್ತು, ಅದಕ್ಕೇ ಅಲ್ಲಿ ಕೂತಿದೆ. ನಮ್ಮ ಪಾಲು ಹಾಲಾಗಲಿಲ್ವಾ? ಪೂ ಹೂವಾಗಲಿಲ್ವಾ? ಇರೋಹ ಬಳಕೆಯಲ್ಲಿತ್ತು, ಇಲ್ಲ ಅಂದವರು ಯಾರು. ಎರಡೂ ಇತ್ತು.

ನಾಗೊಯಾ_ನಂಜ
ನನ್ನ ಹಾಡು 🙏

ಎಂಡಿ_ಮಾವ
ಸಿಕ್ಕಿತು! ಹಾಫ್-ವಿಡ್ತ್ ಕತಕಾನ! ಅರ್ಧ ಅಗಲದ ಅಕ್ಷರ. ಮಿನಿಡಿಸ್ಕಿನಲ್ಲಿ, ಅಂದರೆ ಹಾಡು ತುಂಬಿಸುವ ಆ ಪುಟ್ಟ ಡಿಸ್ಕಿನಲ್ಲಿ, ಹಾಡಿನ ಹೆಸರು ಹೀಗೇ ಬರೆಯುತ್ತಿದ್ದೆವು. ಅದರಲ್ಲಿ 'ಗ' ಅಂದರೆ ಒಂದು ಅಕ್ಷರ ಅಲ್ಲ, ಎರಡು. ಮೊದಲು 'ಕ', ಪಕ್ಕದಲ್ಲಿ ಗೀಟು ಬೇರೆ ಅಕ್ಷರವಾಗಿ. ನನ್ನ ಡೆಕ್ ಇವತ್ತಿಗೂ ಹಾಗೇ ತೋರಿಸುತ್ತದೆ. ಡಿಸ್ಕ್ ಒಳಗೆ ಹೋಗುವಾಗ ಬರುವ ಆ ಕರ್ರ್-ಟಕ್ ಸದ್ದು ಕೇಳಿಯೇ ಇದು ಯಾವ ಮಾಡೆಲ್ ಅಂತ ಹೇಳುತ್ತೇನೆ. 1992ರಲ್ಲಿ ಮಿನಿಡಿಸ್ಕ್ ಬಂದಾಗ ನಗಾಡಿದವರೇ ಈಗ ನನ್ನ ಹತ್ತಿರ ಖಾಲಿ ಡಿಸ್ಕ್ ಕೇಳುತ್ತಾರೆ.

ನಾಗೊಯಾ_ನಂಜ
ಇಲ್ಲ ಮಾವ, ಪೂರ್ತಿ ಅಗಲದ ಅಕ್ಷರವೇ. ಈಗ ನೋಡಿದೆ.

ಕಮಾಂಡ್_ಕಮಲ
ಮಾವ ಬಾಗಿಲ ತನಕ ಬಂದು ಪಕ್ಕದ ಮನೆಗೆ ಹೋಗಿಬಿಟ್ಟರು ಅನಿಸುತ್ತದೆ. ನಂಜ ಅವರೇ, ಮೂರು ಪ್ರಶ್ನೆ. 1999ರ 'ದಂಗೊ ಸಂಕ್ಯೋದಾಯ್', 1966ರ 'ಬರ ಗ ಸಾಯ್ತ', 2018ರ 'ಪಪುರಿಕ' ಸಿಗುತ್ತವಾ? 'ಕ' ಹಾಕಿದಾಗ ಬರುವ ಲಿಸ್ಟನ್ನು ಪೂರ್ತಿ ಓದಿದ್ದೀರಾ? ಈ ಫೈಲುಗಳು ಬಂದಿದ್ದು ಎಲ್ಲಿಂದ?

ನಾಗೊಯಾ_ನಂಜ
ಮೂರೂ ಇಲ್ಲ!! ದ, ಬ, ಪ ನಾನು ಹಾಕಿಯೇ ನೋಡಿರಲಿಲ್ಲ.
'ಕ' ಸರಿ ಇದೆ ಅಂತ ಮೊದಲೇ ಹೇಳಿದೆನಲ್ಲ... ಅಯ್ಯೋ ಇರಿ. ಕತಕಾನದ 'ಕ' ಹಾಕಿದರೆ ಎಲ್ಲಕ್ಕಿಂತ ಮೇಲೆ 'ಗಂದಾರ' ಕೂತಿದೆ. ಹಿರಗಾನದ 'ಕ' ಹಾಕಿದರೆ ಎಲ್ಲಕ್ಕಿಂತ ಕೆಳಗೆ 'ಗಂಬರಿಮಾಶೋ'. ಇದೇನು ಆಟ?
ಫೈಲು ಹಳೇ ಆಫೀಸಿನ ಅಣ್ಣನೊಬ್ಬರು ಕೊಟ್ಟಿದ್ದು. ಅವರ ಹಳೆಯ ಮ್ಯಾಕಿನಿಂದ ನನ್ನ ಲಿನಕ್ಸ್ ಡಬ್ಬಕ್ಕೆ ಆರ್‌ಸಿಂಕ್ ಅನ್ನುವ ಟೂಲಿನಿಂದ ನಕಲು ಮಾಡಿದೆವು. ಟ್ಯಾಗೇ ಇರಲಿಲ್ಲ, ಫೈಲ್ ಹೆಸರಿನಿಂದಲೇ ನಾನು ತುಂಬಿಸಿದೆ. ಇದೆಲ್ಲ ಮುಖ್ಯ ಅಂತ ಗೊತ್ತಿರಲಿಲ್ಲ. 'ಗಟ್ಸು ದಜೆ' ಮಾತ್ರ ನಾನೇ ಸಿಡಿಯಿಂದ ತೆಗೆದಿದ್ದು.

ಕಮಾಂಡ್_ಕಮಲ
ಇದನ್ನು ಮೊದಲ ಸಾಲಿನಲ್ಲೇ ಬರೆದಿದ್ದರೆ ಸಂಸ್ಕೃತದ ತನಕ ಹೋಗಬೇಕಿರಲಿಲ್ಲ :) ಒಂದು ಕೆಲಸ ಮಾಡಿ. 'ಗಂದಾರ' ಹೆಸರನ್ನು ನೋಟ್‌ಪ್ಯಾಡಿಗೆ ಅಂಟಿಸಿ. ಮೊದಲ ಅಕ್ಷರದ ಪಕ್ಕ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒಂದೇ ಸಲ ಒತ್ತಿ.

ನಾಗೊಯಾ_ನಂಜ
ಗೀಟು ಮಾತ್ರ ಹೋಯಿತು! 'ಕ' ಹಾಗೇ ನಿಂತಿದೆ. 'ಗಂದಾರ' ಇದ್ದದ್ದು 'ಕಂದಾರ' ಆಯಿತು. 'ಗಟ್ಸು ದಜೆ'ಯಲ್ಲಿ ಒತ್ತಿದರೆ 'ಗ' ಪೂರ್ತಿ ಹೋಗುತ್ತದೆ. ಈಗ ಗಮನಿಸಿದರೆ 'ಗಂದಾರ'ದ ಗೀಟು ಕೂಡ ಅಕ್ಷರದಿಂದ ಒಂದು ಕೂದಲೆಳೆ ದೂರ ನಿಂತ ಹಾಗಿದೆ. ಫಾಂಟ್ ಹಾಗೆ ಅಂದುಕೊಂಡಿದ್ದೆ.

ಕಮಾಂಡ್_ಕಮಲ
ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡುವ ಯೂನಿಕೋಡಿನಲ್ಲಿ 'ಗ' ಬರೆಯಲು ಎರಡು ದಾರಿ. ಒಂದೇ ಅಕ್ಷರವಾಗಿ ಬರೆಯಬಹುದು, ಇಲ್ಲವೇ 'ಕ' ಬರೆದು ಅದರ ಮೇಲೆ ಕೂರುವ ದಕುತೆನ್ ಸೇರಿಸಬಹುದು. ಆ ದಕುತೆನ್ ನಂಬರ್ 3099. 'ಹ'ವನ್ನು 'ಪ' ಮಾಡುವ ಪುಟ್ಟ ಸೊನ್ನೆ ಅದರ ಪಕ್ಕದ್ದು. ಹಳೆಯ ಮ್ಯಾಕಿನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕಿನಲ್ಲಿ ಫೈಲ್ ಹೆಸರನ್ನು ಬಿಡಿಸಿಯೇ ಇಡುತ್ತಿದ್ದರು. ಆರ್‌ಸಿಂಕ್ ಅದನ್ನು ಹಾಗೇ ಹೊತ್ತು ತಂದಿತು. ನೀವು ಅದನ್ನೇ ಟ್ಯಾಗಿಗೆ ಹಾಕಿದಿರಿ. ನಿಮ್ಮ ಕೀಬೋರ್ಡಿನಲ್ಲಿ ಬರುವುದು ಒಂದೇ ಅಕ್ಷರದ 'ಗ'. ಸರ್ವರ್ ಬೈಟ್ ನೋಡಿ ಹೋಲಿಸುತ್ತಿದೆ, ಎರಡೂ ಒಂದೇ ಅಂತ ಅದಕ್ಕೆ ಗೊತ್ತಿಲ್ಲ.

ಮೇಲೆ-ಕೆಳಗಿನ ಆಟ ಕೂಡ ಅದೇ. 3099 ಹಿರಗಾನ ಅಕ್ಷರಗಳಿಗಿಂತ ದೊಡ್ಡದು, ಕತಕಾನಕ್ಕಿಂತ ಚಿಕ್ಕದು. ಅದಕ್ಕೇ ಒಂದು ಕಡೆ ಬಾಲ, ಇನ್ನೊಂದು ಕಡೆ ತಲೆ.

ಪರಿಹಾರ: ಫೈಲ್ ಹೆಸರುಗಳಿಗೆ ಕಾನ್ವ್‌ಎಂವಿ ಅನ್ನುವ ಟೂಲ್ ಇದೆ, ಅದರಲ್ಲಿ ಎನ್‌ಎಫ್‌ಸಿ ಆಯ್ಕೆ ಕೊಡಿ, ಅದು ಬಿಡಿಸಿದ ತುಂಡುಗಳನ್ನು ಒಂದೇ ಅಕ್ಷರವಾಗಿ ಸೇರಿಸುತ್ತದೆ. ಸುಮ್ನೆ ಓಡಿಸಿದರೆ ಅದು ಏನೇನು ಬದಲಾಗುತ್ತದೆ ಅಂತ ತೋರಿಸುತ್ತದೆ ಅಷ್ಟೇ. ನಿಜವಾಗಿ ಬದಲಿಸಲು ನೋಟೆಸ್ಟ್ ಅಂತ ಬೇರೆ ಹೇಳಬೇಕು. ಟ್ಯಾಗಿಗೆ ಪೈಥಾನಿನ ಯೂನಿಕೋಡ್‌ಡೇಟಾ ಸಾಕು, ನಾಲ್ಕು ಸಾಲು. ಮೊದಲು ಬ್ಯಾಕಪ್.

ಹಳಗನ್ನಡ_ಹುಚ್ಚಿ
ಅಯ್ಯೋ, ನನ್ನ 'ಕೋಲಾಟದ ಪದಗಳು' ಫೋಲ್ಡರಿಗೂ ಇದೇ ಆಗಿತ್ತು! 'ಕೋ' ಹಾಕಿದರೆ ಸಿಗುತ್ತಿರಲಿಲ್ಲ.

ಕಮಾಂಡ್_ಕಮಲ
ಅದೇ ರೋಗ ಮೇಡಂ. ಬಿಡಿಸಿದರೆ 'ಕೋ' ಅಂದರೆ ಕ, ಎತ್ವ, ಊತ್ವ, ದೀರ್ಘ, ನಾಲ್ಕು ತುಂಡು.

ಎಂಡಿ_ಮಾವ
ಗೀಟು ಬೇರೆ ಅಕ್ಷರ ಅಂತ ನಾನು ಮೊದಲೇ ಹೇಳಿದ್ದೆ. ದಾಖಲೆಗೆ ಇರಲಿ.

ಪುತ್ತೂರು_ಪೈಥಾನ್
ಮೊದಲು ಹೇಳಿದ್ದು ಶಿಫ್ಟ್-ಜಿಸ್. ದಾಖಲೆಗೆ ಇರಲಿ.

ನಾಗೊಯಾ_ನಂಜ
ಆಯಿತು!! ಗ, ದ, ಬ, ಪ ಎಲ್ಲ ಬಂದವು. ಕಮಲಕ್ಕ, ನೀವು ನಾಗೊಯಾಕ್ಕೆ ಬಂದರೆ ಊಟ ನನ್ನದು. ಆದರೆ 'ಗರಸು ನೊ ಶೋನೆನ್', 'ಗಕುಯೆನ್ ತೆಂಗೊಕು', 'ಗಕೆ ನೊ ಉಎ ನೊ ಪೊನ್ಯೊ' ಇನ್ನೂ ಇಲ್ಲ.

ಪುತ್ತೂರು_ಪೈಥಾನ್
ಅವು ಮೂರೂ ಕಾಂಜಿ. ನಾನು ಹೇಳಿದ್ದು ಈಗ ಕೆಲಸಕ್ಕೆ ಬಂತು ನೋಡಿ. ಒಂದೊಂದಕ್ಕೂ ಕಾನದಲ್ಲಿ (ಹಿರಗಾನ ಇಲ್ಲವೇ ಕತಕಾನ) ಓದು, ಅಂದರೆ ಉಚ್ಚಾರ, ಬರೆದು ಸಾರ್ಟ್ ಟ್ಯಾಗಿಗೆ ಹಾಕಬೇಕು. ಫ್ಲ್ಯಾಕ್ ಆದರೆ ಟೈಟಲ್‌ಸಾರ್ಟ್, ಎಂಪಿ3 ಆದರೆ ಟಿಎಸ್‌ಒಟಿ. ಲಿಸ್ಟ್ ಅದರ ಪ್ರಕಾರ ಬರುತ್ತದೆ. ಸರ್ಚಿನಲ್ಲೂ ಅದನ್ನು ನೋಡುತ್ತದಾ ಅಂತ ಒಂದು ಹಾಡಿಗೆ ಹಾಕಿ ಪರೀಕ್ಷಿಸಿ. ಮೆಕಾಬ್, ಕಕಾಸಿ ತರಹದ ಟೂಲ್‌ಗಳು ಓದನ್ನು ತಾವೇ ಊಹಿಸುತ್ತವೆ, ಆದರೆ ಹಾಡಿನ ಹೆಸರಿನಲ್ಲಿ ಅವನ್ನು ನಂಬಬೇಡಿ. ಯಮಗುಚಿ ಮೊಮೊಎ 1977ರಲ್ಲಿ ಹಾಡಿದ ಹಾಡಿಗೆ 'ಶರತ್ಕಾಲ', 'ಸಕುರ' ಎರಡು ಕಾಂಜಿ. ಓದುವುದು ಮಾತ್ರ 'ಕೊಸುಮೊಸು'. ಕಾಂಜಿ ನೋಡಿ ಹೋದರೆ 'ಅ'ದಲ್ಲಿ ಹುಡುಕುತ್ತಾ ಕೂರುತ್ತೀರಿ. ಕಾಂಜಿ ಹಾಡು ಎಷ್ಟಿವೆ?

ನಾಗೊಯಾ_ನಂಜ
ಸಾವಿರದ ಮೇಲೆ. ಸದ್ಯಕ್ಕೆ 'ಗ'ದವು ಹನ್ನೊಂದು ಮಾಡಿ ಮಲಗುತ್ತೇನೆ.

ನಾಗೊಯಾ_ನಂಜ
ಭಾನುವಾರದ ವರದಿ. ಶನಿವಾರ ಯಾಕೆ ಬೇಕಿತ್ತು ಅಂತ ಹೇಳಿರಲಿಲ್ಲ ಅಲ್ವಾ. ಆಫೀಸಿನವರ ಜತೆ ಕರೋಕೆಯಲ್ಲಿ ಹಾಡಿನ ಹೆಸರಿನ ಶಿರಿತೊರಿ ಆಡುತ್ತೇವೆ. ನಮ್ಮ ಅಂತ್ಯಾಕ್ಷರಿ ತರಹ, ಕೊನೆಯ ಅಕ್ಷರದಿಂದ ಮುಂದಿನವರು ಶುರು ಮಾಡಬೇಕು. ಹೋದ ತಿಂಗಳು 'ಗ' ಬಂದಾಗ ಬಾಯಿ ಕಟ್ಟಿ ಕೂತಿದ್ದೆ. ನಿನ್ನೆ ಮತ್ತೆ 'ಗ' ಬಂತು. ಎದೆ ತಟ್ಟಿಕೊಂಡು 'ಗರಸು ನೊ ಶೋನೆನ್' ಅಂದೆ. ಎಲ್ಲರೂ ಹೋ ಅಂತ ನಕ್ಕರು. 'ನ್' ಅಂತ ಮುಗಿಸಿದವರು ಔಟ್.

ಹಳಗನ್ನಡ_ಹುಚ್ಚಿ
'ಗಂದಾರ' ಅಂದಿದ್ದರೆ ಉಳಿಯುತ್ತಿದ್ದಿರಿ. ಗಾಂಧಾರಿಯ ತವರು ಕೈ ಹಿಡಿಯುತ್ತಿತ್ತು.

ಎಂಡಿ_ಮಾವ
'ಗಂದಾರ' ನನ್ನ ಹತ್ತಿರ 1978ರ ಮೂಲ ಏಳಿಂಚಿನ ತಟ್ಟೆಯಲ್ಲೇ ಇದೆ. ಅದನ್ನು ಮಿನಿಡಿಸ್ಕಿಗೆ ಇಳಿಸಿ ಕಾರಿನಲ್ಲಿ ಕೇಳುತ್ತೇನೆ. ಟ್ಯಾಗ್ ಇಲ್ಲ, ಸರ್ಚ್ ಇಲ್ಲ. ಅಂದಹಾಗೆ ಡೆಕ್ಕಿನ ಬೆಲ್ಟ್ ಸಡಿಲ ಆಗಿದೆ, ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ ಯಾರಿಗಾದರೂ ಗೊತ್ತಾ?