ಅಪ್‌ಡೇಟ್: ಥಾಯ್ಲೆಂಡ್‌ಗೆ ಹೋಗಿ ಬಂದೆವು
ಮೇ 2022ರಲ್ಲಿ ಫುಕೆಟ್‌ಗೆ ಹೋದರೆ ಮೊದಲ ರಾತ್ರಿ ರೂಮಲ್ಲೇ ಕೂತು ಕೋವಿಡ್ ಆರ್‌ಟಿ-ಪಿಸಿಆರ್ ಟೆಸ್ಟಿನ ರಿಸಲ್ಟ್‌ಗೆ ಕಾಯಬೇಕಾ ಅಂತ ಕೇಳಿದ್ದೆ ಅಲ್ವಾ? ಕಾಯಬೇಕಾಗಲಿಲ್ಲ. ಎರಡು ಡೋಸ್ ಆದವರಿಗೆ ಮೇ 1ರಿಂದ ಅದನ್ನು ತೆಗೆದುಬಿಟ್ಟರು. ಆದರೆ ಥಾಯ್ಲೆಂಡ್ ಪಾಸ್ (ಆ ದೇಶಕ್ಕೆ ಹೋಗಲು ಆನ್‌ಲೈನಲ್ಲಿ ಅರ್ಜಿ ಹಾಕಿ ಪಡೆಯಬೇಕಿದ್ದ ಅನುಮತಿ) ಬೇಕೇ ಬೇಕಿತ್ತು, ಜೊತೆಗೆ 10,000 ಡಾಲರಿನ ಇನ್ಶೂರೆನ್ಸ್ (ಮೊದಲು 20,000 ಇತ್ತು, ಪುಣ್ಯಕ್ಕೆ ನಾನು ಕಟ್ಟಿರಲಿಲ್ಲ).

ತಲೆ ತಿಂದಿದ್ದು ಅಮ್ಮನ ಪಾಸ್ ಅರ್ಜಿ. ಲಸಿಕೆ ಸರ್ಟಿಫಿಕೇಟಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಾತನ ಪೂರ್ತಿ ಹೆಸರು, ಹಾಗಾಗಿ ವಾಪಸ್ ಬಂತು. ಕೋವಿನ್‌ನಲ್ಲಿ ಹೆಸರು ತಿದ್ದಿಸಿ ಮತ್ತೆ ಹಾಕಿದೆ, ಹೊರಡುವ ಮೂರು ದಿನ ಮುಂಚೆ ಕ್ಯೂಆರ್ ಕೋಡ್ ಬಂತು. ಸುಮ್ನೆ ಪ್ರಿಂಟ್ ತೆಗೆದಿಟ್ಟುಕೊಂಡಿದ್ದೆ, ಇಳಿದ ಮೇಲೆ ಆ ಹಾಳೆಯನ್ನೇ ನೋಡಿ ಕಳಿಸಿದರು.

2022ರ ಜುಲೈ 1ರಿಂದ ಪಾಸನ್ನೂ ತೆಗೆದುಬಿಟ್ಟರು. ನಮ್ಮ ಟೈಮಿಂಗ್ ನೋಡಿ!