ಒಡೆದ ಸಿಎಫ್‌ಎಲ್ ಬಲ್ಬು: ಅನುಭವ ಇದ್ದವರು ಹೇಳಿ

ಕಲಬುರಗಿ, ಬ್ರಹ್ಮಪುರ:
ನಿನ್ನೆ ರಾತ್ರಿ ಅಟ್ಟದಿಂದ ಜೋಳದ ಡಬ್ಬಿ ಇಳಿಸುವಾಗ ತಗುಲಿ ಅಡುಗೆಮನೆಯ ಹಳೆಯ ಸಿಎಫ್‌ಎಲ್ ಒಡೆಯಿತು. ನಾನು ಬರುವಷ್ಟರಲ್ಲಿ ಅತ್ತೆ ಕಸಬರಿಗೆಯಿಂದ ಗುಡಿಸಿಯೂ ಬಿಟ್ಟಿದ್ದರು. ಅದರಲ್ಲಿ ಪಾದರಸ ಇರುತ್ತದಂತೆ; ಮನೆಯಲ್ಲಿ ಎರಡು ವರ್ಷದ ಮಗುವಿದೆ. ಉಳಿದ ನಾಲ್ಕನ್ನೂ ತೆಗೆದು ಎಲ್‌ಇಡಿ ಹಾಕಿಸೋಣವೆಂದರೆ, ಅದರಿಂದ ಕಣ್ಣು ಹಾಳು ಎಂದು ನಾದಿನಿಯ ತಕರಾರು. ಏನು ಮಾಡಲಿ?

ಬೀದರ್:
ಅಕ್ಕ, ಗಾಬರಿ ಬೇಡ. ಒಂದು ಬಲ್ಬಿನಲ್ಲಿ ಇರುವುದು ಕೆಲವೇ ಮಿಲಿಗ್ರಾಂ ಪಾದರಸ. ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಸುಮಾರು 500 ಮಿಲಿಗ್ರಾಂ ಇರುತ್ತಿತ್ತು. ಆದರೆ ಗುಡಿಸಿದ್ದು ಸರಿಯಲ್ಲ, ಪುಡಿ ಮೇಲೇಳುತ್ತದೆ. ನಮ್ಮಲ್ಲಿ ಒಡೆದದ್ದು ಮೇ ತಿಂಗಳ ಮಧ್ಯಾಹ್ನ. ಸೆಕೆಗೆ ಫ್ಯಾನ್ ತಿರುಗುತ್ತಲೇ ಇತ್ತು, ಬಿಳಿ ಪುಡಿ ಹಾಸಿಗೆಯ ತನಕ ಹೋಯಿತು. ಮೊದಲು ಫ್ಯಾನ್, ಕೂಲರ್ ಆರಿಸಿ, ಕಿಟಕಿ ತೆರೆದು, ಎಲ್ಲರೂ ಹತ್ತು ಹದಿನೈದು ನಿಮಿಷ ಹೊರಗಿರಬೇಕು. ಚೂರುಗಳನ್ನು ಗಟ್ಟಿ ರಟ್ಟಿನಿಂದ ಎತ್ತಿ, ಸಣ್ಣ ಪುಡಿಯನ್ನು ಟೇಪ್ ಒತ್ತಿ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ. ಬಟ್ಟೆ ಸಮೇತ ಎಲ್ಲವೂ ಖಾಲಿ ಉಪ್ಪಿನಕಾಯಿ ಬಾಟಲಿಗೆ, ಮುಚ್ಚಳ ಬಿಗಿಯಾಗಿರಲಿ. ಆ ಕಸಬರಿಗೆಯನ್ನು ಮತ್ತೆ ಬಳಸಬೇಡಿ.

ಯಾದಗಿರಿ, ವೈರಿಂಗ್ ಕೆಲಸದವನು:
ಎಲ್‌ಇಡಿಯಲ್ಲಿ ಪಾದರಸವೇ ಇಲ್ಲ. ಎಲ್‌ಇಡಿ ಅಲ್ಲದ ಹಳೆಯ ಟ್ಯೂಬ್‌ಲೈಟಿನಲ್ಲಿ ಇದೆ, ಅದನ್ನು ಯಾರೂ ಕೇಳುವುದಿಲ್ಲ! ನಾದಿನಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅಗ್ಗದ ಬಲ್ಬು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತದೆ, ಕೆಲವರಿಗೆ ತಲೆ ನೋಯುತ್ತದೆ. ಅಂಗಡಿಯಲ್ಲೇ ಹೊತ್ತಿಸಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯ ಮೇಲೆ ಪಟ್ಟಿಗಳು ಓಡಿದರೆ ಬಿಟ್ಟುಬಿಡಿ. ಡಬ್ಬಿಯ ಮೇಲೆ 6500ಕೆ ಎಂದಿದ್ದರೆ ನೀಲಿ ಛಾಯೆಯ ಬಿಳಿ ಬೆಳಕು, ಮಲಗುವ ಹೊತ್ತಿಗೆ ಅದು ನಿದ್ದೆ ಕೆಡಿಸುತ್ತದೆ. ಮಗುವಿನ ಕೋಣೆಗೆ 3000ಕೆ ಹಳದಿ ಬೆಳಕು ಸಾಕು. ನಮ್ಮ ಕಡೆ ಹಳದಿ ಎಂದರೆ ಮಂದ ಎಂದು ಗಿರಾಕಿಗಳು ಒಪ್ಪುವುದಿಲ್ಲ, ಅದು ಬೇರೆ ಮಾತು.

ಶಹಾಬಾದ್:
ಕೆಟ್ಟ ಸಿಎಫ್‌ಎಲ್ ನಿಯಮದ ಪ್ರಕಾರ ಇ-ತ್ಯಾಜ್ಯ. ಕಸದ ಗಾಡಿಯವನಿಗೆ ಹಾಗೆಂದೆ. “ಹಸಿ ಕಸವೋ ಒಣ ಕಸವೋ, ಅಷ್ಟು ಹೇಳಿ ಸರ್” ಎಂದ. ನನ್ನ ಏಳು ಬಲ್ಬುಗಳು ಇನ್ನೂ ಚಪ್ಪಲಿ ಡಬ್ಬಿಯಲ್ಲಿವೆ. ಇ-ತ್ಯಾಜ್ಯ ತೆಗೆದುಕೊಳ್ಳುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.

ಕಲಬುರಗಿ, ಬ್ರಹ್ಮಪುರ:
ಎಲ್ಲರಿಗೂ ಧನ್ಯವಾದ. ನೆಲ ಒರೆಸಿ ಬಾಟಲಿ ಮುಚ್ಚಿದ್ದಾಯಿತು. ಕಸಬರಿಗೆ ಮಾತ್ರ ಹೊರಗೆ ಹೋಗಿಲ್ಲ. ಇವತ್ತು ಶುಕ್ರವಾರ, ಲಕ್ಷ್ಮಿಯನ್ನು ಎಸೆಯುತ್ತಾರೆಯೇ ಎನ್ನುತ್ತಿದ್ದಾರೆ ಅತ್ತೆ. ಚೀಲದಲ್ಲಿ ಕಟ್ಟಿ ಹಿತ್ತಲಲ್ಲಿ ಇಟ್ಟಿದ್ದೇನೆ.