ಊನೊ ಮೇಲೆ ಕೂರುವ ಕೋಪ್ರೊಸೆಸರ್ ಬೋರ್ಡ್: ಮೊದಲ ಬೈಟ್ ಬಿಟ್ಟು ಮಿಕ್ಕಿದ್ದು ಬರುತ್ತಿಲ್ಲ

ಪ್ರಶ್ನೆ

ಆರ್ಡುಯಿನೊ ಊನೊಗೆ ಶೀಲ್ಡ್ ರೂಪದ ಕೋಪ್ರೊಸೆಸರ್ ಬೋರ್ಡ್ ಮಾಡುತ್ತಿದ್ದೇನೆ. ಕೆಲಸ ಎಫ್‌ಎಫ್‌ಟಿ, ಅಂದರೆ ಸಿಗ್ನಲ್‌ನಲ್ಲಿರುವ ಫ್ರೀಕ್ವೆನ್ಸಿಗಳನ್ನು ಬಿಡಿಸುವ ಲೆಕ್ಕ. 512 ಪಾಯಿಂಟ್‌ಗೆ 16 ಬಿಟ್‌ನ ರಿಯಲ್, ಇಮ್ಯಾಜಿನರಿ ಎರಡೂ ಸೇರಿ 2048 ಬೈಟ್ ಬೇಕು. ಊನೊದಲ್ಲಿ ರ‍್ಯಾಮ್ ಇರುವುದೇ ಅಷ್ಟು. ಹಾಗಾಗಿ ಲೆಕ್ಕವನ್ನು ಆರ್‌ಪಿ2040 ಮೈಕ್ರೊಕಂಟ್ರೋಲರ್ ಚಿಪ್‌ಗೆ ಬಿಟ್ಟು, ಫಲಿತಾಂಶ ಮಾತ್ರ ಎಸ್‌ಪಿಐನಲ್ಲಿ (ಚಿಪ್‌ಗಳ ನಡುವೆ ಡೇಟಾ ಸಾಗಿಸುವ ಬಸ್) ತರಿಸಿಕೊಳ್ಳುವ ಯೋಚನೆ. ಸದ್ಯ ಬ್ರೆಡ್‌ಬೋರ್ಡ್‌ನಲ್ಲಿ ಪಿಕೊ (ಅದೇ ಚಿಪ್ ಇರುವ ರೆಡಿಮೇಡ್ ಬೋರ್ಡ್), ನಡುವೆ 5 ಮತ್ತು 3.3 ವೋಲ್ಟ್ ಹೊಂದಿಸಲು ಬಿಎಸ್‌ಎಸ್138 ಮಾಸ್‌ಫೆಟ್‌ನ ಲೆವೆಲ್ ಶಿಫ್ಟರ್. ಎಸ್‌ಪಿಐ ಮೋಡ್ 0 (ಕ್ಲಾಕ್‌ನ ಯಾವ ಅಂಚಿನಲ್ಲಿ ಬಿಟ್ ಓದಬೇಕೆಂಬ ಸೆಟ್ಟಿಂಗ್), 4 ಮೆಗಾಹರ್ಟ್ಸ್. ಸಿಎಸ್ (ಚಿಪ್ ಸೆಲೆಕ್ಟ್ ಗೆರೆ) ಲೋ ಮಾಡಿ ಒಟ್ಟಿಗೆ 16 ಬೈಟ್ ಕಳಿಸಿದರೆ ಮೊದಲನೆಯದು ಮಾತ್ರ ಸಿಗುತ್ತದೆ, ಅದೂ ಆಗಾಗ ತಪ್ಪು. ಪಿಸಿಬಿ ಮಾಡಿಸುವ ಮುಂಚೆ ಏನೇನು ಬದಲಿಸಬೇಕು? ಬರೀ ಚಿಪ್ ಹಾಕಲೋ, ಪಿಕೊವನ್ನೇ ಕೂರಿಸಲೋ?

ಉತ್ತರ 1

ಎರಡು ತೊಂದರೆ ಒಟ್ಟಿಗೆ ಸೇರಿಕೊಂಡಿವೆ. ಆರ್‌ಪಿ2040ರ ಎಸ್‌ಪಿಐ ಬ್ಲಾಕ್ ಪಿಎಲ್022. ಸ್ಲೇವ್ ಆಗಿರುವಾಗ, ಅಂದರೆ ಕ್ಲಾಕ್ ಊನೊ ಕೊಡುವಾಗ, ಮೋಡ್ 0ರಲ್ಲಿ ಪ್ರತಿ ಬೈಟ್ ಆದಮೇಲೂ ಸಿಎಸ್ ಒಮ್ಮೆ ಹೈ ಆಗಲೇಬೇಕು. ಲೋ ಇಟ್ಟುಕೊಂಡೇ ಸಾಲಾಗಿ ಕಳಿಸಬೇಕಾದರೆ ಎರಡೂ ಕಡೆ ಮೋಡ್ 3 ಮಾಡಿ.

ಎರಡನೆಯದು ಶಿಫ್ಟರ್. ಆ ಮಾಸ್‌ಫೆಟ್ ಬೋರ್ಡ್‌ಗಳಲ್ಲಿ ಸಿಗ್ನಲ್ ಏರುವುದು 10 ಕಿಲೋಓಮ್ ಪುಲ್ಅಪ್‌ನಿಂದ (ಗೆರೆಯನ್ನು ಹೈಗೆ ಎಳೆಯುವ ರೆಸಿಸ್ಟರ್). ನಿಧಾನದ ಐ2ಸಿ ಬಸ್‌ಗೆ ಸಾಕು, 4 ಮೆಗಾಹರ್ಟ್ಸ್‌ಗೆ ಅರ್ಧ ಕ್ಲಾಕ್ 125 ನ್ಯಾನೊಸೆಕೆಂಡ್ ಮಾತ್ರ, ಅಷ್ಟರಲ್ಲಿ ಗೆರೆ ಪೂರ್ತಿ ಮೇಲೇರುವುದಿಲ್ಲ. ಕ್ಲಾಕ್, ಮೋಸಿ (ಊನೊದಿಂದ ಹೋಗುವ ಡೇಟಾ), ಸಿಎಸ್‌ಗೆ 3.3 ವೋಲ್ಟ್‌ನಲ್ಲಿ ಓಡುವ 74ಎಲ್‌ವಿಸಿ125 ಬಫರ್ ಹಾಕಿ, ಅದರ ಇನ್‌ಪುಟ್ 5 ವೋಲ್ಟ್ ತಾಳುತ್ತದೆ. ಆರ್‌ಪಿ2040ರ ಪಿನ್‌ಗಳು ತಾಳುವುದಿಲ್ಲ.

ಮೀಸೊ (ಊನೊಗೆ ಬರುವ ಡೇಟಾ) ನೇರವಾಗಿ ಕೊಟ್ಟರೂ ಓಡಿದಂತೆ ಕಾಣುತ್ತದೆ, ನಂಬಬೇಡಿ. ಊನೊದ ಚಿಪ್ ಎಟಿಮೆಗಾ328ಪಿ 5 ವೋಲ್ಟ್‌ನಲ್ಲಿ ಹೈ ಎನ್ನಲು 3.0 ವೋಲ್ಟ್ ಕೇಳುತ್ತದೆ, ನಿಮಗೆ ಉಳಿಯುವ ಅಂತರ ಬರೀ 0.3. ಅಲ್ಲಿ 5 ವೋಲ್ಟ್‌ನ 74ಎಎಚ್‌ಸಿಟಿ125 ಇಟ್ಟು, ಆ ಗೇಟಿನ ಎನೇಬಲ್ ಪಿನ್ ಸಿಎಸ್‌ಗೆ ಕಟ್ಟಿ. ಆಗ ಅದೇ ಬಸ್‌ನಲ್ಲಿ ಎಸ್‌ಡಿ ಕಾರ್ಡ್ ಇದ್ದರೂ ಜಗಳವಿಲ್ಲ. ಸಿಎಸ್‌ಗೆ 10 ಕಿಲೋಓಮ್ ಪುಲ್ಅಪ್ ಬೇಕು, ಇಲ್ಲದಿದ್ದರೆ ಊನೊ ರೀಸೆಟ್‌ನಲ್ಲಿರುವಾಗ ಆ ಪಿನ್ ತೇಲುತ್ತದೆ. ಬಳಸದ ಗೇಟುಗಳ ಇನ್‌ಪುಟ್ ಗ್ರೌಂಡ್‌ಗೆ.

ಪಿನ್ ಹೆಸರು ನೋಡಿಕೊಳ್ಳಿ: ಸ್ಲೇವ್ ಆದರೂ ಟಿಎಕ್ಸ್ ಔಟ್‌ಪುಟ್ಟೇ. ಮೋಸಿ ಬರಬೇಕಾದ್ದು ಜಿಪಿಐಒ 16ಕ್ಕೆ, ಮೀಸೊ ಹೊರಡುವುದು 19ರಿಂದ.

ಉತ್ತರ 2

ಮೊದಲ ಬೋರ್ಡ್‌ಗೆ ಪಿಕೊವನ್ನೇ ಕೂರಿಸಿ. ಬರೀ ಚಿಪ್ ಅಂದರೆ ಫ್ಲ್ಯಾಶ್, 12 ಮೆಗಾಹರ್ಟ್ಸ್ ಕ್ರಿಸ್ಟಲ್, ರೆಗ್ಯುಲೇಟರ್, ಪ್ರತಿ ಸಪ್ಲೈ ಪಿನ್‌ಗೆ 100 ನ್ಯಾನೊಫ್ಯಾರಡ್, ಎಲ್ಲ ನಿಮ್ಮ ತಲೆಗೇ. ಪಿಕೊ 21×51 ಮಿ.ಮೀ., ಊನೊ ಅಳತೆಯ ಶೀಲ್ಡ್‌ನಲ್ಲಿ ಹಿಡಿಸುತ್ತದೆ.

ಊನೊದ 3.3 ವೋಲ್ಟ್ ಪಿನ್ ಮುಟ್ಟಬೇಡಿ, ಅದು ಕೊಡುವುದು 50 ಮಿಲಿಆಂಪ್. 5 ವೋಲ್ಟನ್ನು ಶಾಟ್ಕಿ ಡಯೋಡ್ ಮೂಲಕ ಪಿಕೊದ ವಿಸಿಸ್ (VSYS) ಪಿನ್‌ಗೆ ಕೊಡಿ. ಎರಡಕ್ಕೂ ಯುಎಸ್‌ಬಿ ಚುಚ್ಚಿದಾಗ ಪಿಕೊ ಕಡೆಯ ಕರೆಂಟ್ ಊನೊಗೆ ಹಿಂದಕ್ಕೆ ಹರಿಯದಂತೆ ಆ ಡಯೋಡ್ ತಡೆಯುತ್ತದೆ.

ಎಸ್‌ಪಿಐ ಗೆರೆಗಳನ್ನು 11, 12, 13ರಿಂದ ತೆಗೆಯದೆ ಆರು ಪಿನ್ನಿನ ಐಸಿಎಸ್‌ಪಿ ಹೆಡರ್‌ನಿಂದ ತೆಗೆದರೆ ಅದೇ ಬೋರ್ಡ್ ಆರ್ಡುಯಿನೊ ಮೆಗಾ ಮೇಲೂ ಕೂರುತ್ತದೆ. ಲೇಔಟ್‌ನಲ್ಲಿ ಇನ್ನೊಂದು: ಪಿನ್ 7 ಮತ್ತು 8ರ ನಡುವಿನ ಅಂತರ 0.1 ಅಲ್ಲ, 0.16 ಇಂಚು.

ಪ್ರಶ್ನೆ ಕೇಳಿದವರು

ಮೋಡ್ 3 ಮಾಡಿ, ಬಫರ್ ಹಾಕಿದ ಮೇಲೆ 16 ಬೈಟೂ ಸರಿಯಾಗಿ ಬಂದವು. ಆದರೆ ನಡುವೆ ಊನೊ ರೀಸೆಟ್ ಆದರೆ, ಆಮೇಲಿನ ಉತ್ತರಗಳೆಲ್ಲ ಕೆಲವು ಬೈಟ್ ಸರಿದು ಬರುತ್ತವೆ.

ಉತ್ತರ 1

ಪಿಎಲ್022ರ ಟ್ರಾನ್ಸ್‌ಮಿಟ್ ಫಿಫೊ (ಕಳಿಸಲು ಕಾಯುವ ಬೈಟುಗಳ ಸಾಲು) 8 ಆಳದ್ದು. ಅರ್ಧಕ್ಕೆ ನಿಂತ ಉತ್ತರದ ಬೈಟುಗಳು ಅಲ್ಲೇ ಉಳಿದು ಮುಂದಿನ ಉತ್ತರದ ಮುಂದೆ ಹೊರಬೀಳುತ್ತವೆ. ಸಿಎಸ್ ಹೈ ಆದಾಗ ಇಂಟರಪ್ಟ್ ತೆಗೆದುಕೊಳ್ಳಿ. ಫ್ರೇಮ್ (ಒಂದು ಇಡೀ ಸಂದೇಶ) ಪೂರ್ತಿಯಾಗಿರದಿದ್ದರೆ ಡಿಎಂಎ (ಸಿಪಿಯು ನೆರವಿಲ್ಲದೆ ಡೇಟಾ ಸಾಗಿಸುವ ಭಾಗ) ನಿಲ್ಲಿಸಿ, ಎಸ್‌ಪಿಐ ಬ್ಲಾಕನ್ನೇ ರೀಸೆಟ್ ಮಾಡಿ ಮತ್ತೆ ತುಂಬಿ.

ಊನೊ ಕೊಡುವ ಕ್ಲಾಕನ್ನು ಸ್ಲೇವ್ ತಡೆಯಲಾರದು, ಹಾಗಾಗಿ ಎಎಚ್‌ಸಿಟಿ125ರ ಇನ್ನೊಂದು ಗೇಟಿನಲ್ಲಿ ರೆಡಿ ಗೆರೆ ಊನೊದ ಪಿನ್ 2ಕ್ಕೆ ತನ್ನಿ. ಡಿಎಂಎ ತುಂಬಿದ ಮೇಲಷ್ಟೇ ಅದು ಹೈ ಆಗಲಿ. ಫ್ರೇಮ್‌ಗೆ ಕಮಾಂಡ್, ಉದ್ದ, ಡೇಟಾ, ಕೊನೆಗೆ ತಪ್ಪು ಹಿಡಿಯುವ ಸಿಆರ್‌ಸಿ-8 ಬೈಟ್ ಸಾಕು. 256 ಬೈಟ್ ಫಲಿತಾಂಶಕ್ಕೆ 4 ಮೆಗಾಹರ್ಟ್ಸ್‌ನಲ್ಲಿ ಬರೀ ಬಿಟ್‌ಗಳ ಸಮಯವೇ 512 ಮೈಕ್ರೊಸೆಕೆಂಡ್, ಟೈಮ್‌ಔಟ್ ಅದಕ್ಕಿಂತ ಧಾರಾಳವಾಗಿ ಇಡಿ.